ಸಂಗೀತ ಓದುವ ಮಕ್ಕಳಿಗೂ ನಮ್ಮ ಕಾಲೇಜುಗಳಲ್ಲಿ ಜಾಗವಿರಲಿ

ಶ್ರಾವಣದ ಪ್ರವಚನವಿರಲಿ, ಬಸವ ಜಯಂತಿಯಿರಲಿ, ವಚನ ಗಾಯನವಿಲ್ಲದೆ ನಮ್ಮ ಕಾರ್ಯಕ್ರಮ ಆರಂಭವಾಗುವುದಿಲ್ಲ. ಹಾಡಿದವರಿಗೆ ಶಾಲು ಹೊದಿಸುತ್ತೇವೆ, ವಚನ ಗ್ರಂಥ ಕೊಟ್ಟು ಗೌರವಿಸುತ್ತೇವೆ. ಆದರೆ ಅದೇ ಸಭೆಯಲ್ಲಿ ಕುಳಿತ ತಂದೆತಾಯಿಗಳಿಗೆ, ಪಿಯುಸಿ ಮುಗಿಸಿದ ಮಗಳು "ಕಾಲೇಜಿನಲ್ಲಿ ಸಂಗೀತ ಓದುತ್ತೇನೆ" ಎಂದರೆ ಎದೆ ಧಸಕ್ಕೆನ್ನುತ್ತದೆ. "ಹಾಡು ಹವ್ಯಾಸಕ್ಕಿರಲಿ, ಮೊದಲು ಸಿಇಟಿ ಬರಿ" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ.

ನನ್ನ ತಂಗಿಯ ಮನೆಯಲ್ಲಿ ಈ ವರ್ಷ ಇದೇ ಚರ್ಚೆ. ಅವಳ ಮೊಮ್ಮಗಳು ಹಿಂದುಸ್ತಾನಿ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಾಳೆ. ಪದವಿಯಲ್ಲಿ ಸಂಗೀತ ಮತ್ತು ಮನಶ್ಶಾಸ್ತ್ರ ಓದಿ, ಮುಂದೆ ಸಂಗೀತ ಚಿಕಿತ್ಸೆ ಕಲಿಯಬೇಕೆಂಬುದು ಅವಳ ಆಸೆ. "ಅಣ್ಣಾ, ನೀನು ಎಂಜಿನಿಯರ್, ನೀನರ ಆಕಿಗೆ ತಿಳಿಸಿ ಹೇಳು" ಎಂದು ತಂಗಿ ನನಗೆ ಒಪ್ಪಿಸಿದಳು. ನಾನು ಹುಡುಗಿಯ ಪರವಾಗಿಯೇ ಮಾತನಾಡಿದೆ. ಅದಕ್ಕೆ ಕಾರಣಗಳನ್ನು ಶರಣ ಬಂಧುಗಳ ಮುಂದಿಡುತ್ತೇನೆ.

ಸಂಗೀತ ಚಿಕಿತ್ಸೆ ಎಂದರೆ ರೋಗಿಯ ಕಿವಿಗೆ ಒಂದು ಕ್ಯಾಸೆಟ್ ಹಾಕಿ ಕೂಡಿಸುವುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳು ಗಾಯಗೊಂಡ ಸೈನಿಕರಿಂದ ತುಂಬಿದ್ದವು. ಅಲ್ಲಿ ಹಾಡಲು, ನುಡಿಸಲು ಬಂದ ಕಲಾವಿದರಿಂದ ರೋಗಿಗಳಿಗೆ ಅನುಕೂಲವಾಗುತ್ತಿದೆ ಎಂದು ವೈದ್ಯರು ಗಮನಿಸಿದರು. ಆದರೆ ಕಲಾವಿದರಿಗೆ ರೋಗದ ತಿಳಿವಳಿಕೆ ಇರಲಿಲ್ಲ. ಆ ತಿಳಿವಳಿಕೆ ಕೊಡಲು ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯ 1944ರಲ್ಲಿ, ಕಾನ್ಸಾಸ್ ವಿಶ್ವವಿದ್ಯಾಲಯ 1946ರಲ್ಲಿ ತರಗತಿ ತೆರೆದವು. ಇಂದು ಅಲ್ಲಿ ಈ ವೃತ್ತಿಗೆ ಬರುವವರು ಗಾಯನ-ವಾದನದ ಜೊತೆಗೆ ಶರೀರ ರಚನೆ, ಮನಶ್ಶಾಸ್ತ್ರ ಓದಬೇಕು. ಕನಿಷ್ಠ 1200 ಗಂಟೆ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಬೇಕು. ಅನಂತರ ಪ್ರಮಾಣಪತ್ರದ ಪರೀಕ್ಷೆ ಪಾಸಾಗಬೇಕು.

ಇದು ಕೆಲಸ ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಲಕವಾ ಹೊಡೆದು ಮಾತು ನಿಂತವರನ್ನು ನಾವೆಲ್ಲ ಕಂಡಿದ್ದೇವೆ. ಬಹುತೇಕ ಜನರಲ್ಲಿ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿದೆ. ಅಲ್ಲಿ ಪೆಟ್ಟು ಬಿದ್ದು "ನೀರು" ಎನ್ನಲೂ ಆಗದವರು, ತಮಗೆ ಗೊತ್ತಿದ್ದ ಹಾಡನ್ನು ಎಷ್ಟೋ ಸಲ ಸಾಹಿತ್ಯಸಹಿತ ಹಾಡಬಲ್ಲರು. ಹಾಡಿಗೆ ಮೆದುಳಿನ ಬಲಭಾಗವೂ ಕೈಗೂಡಿಸುತ್ತದೆ. ಇದನ್ನೇ ಆಧರಿಸಿ ಬಾಸ್ಟನ್ನಿನ ತಜ್ಞರು 1973ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಚಿಕಿತ್ಸಕರು ಸಣ್ಣ ವಾಕ್ಯವೊಂದನ್ನು ಎರಡೇ ಸ್ವರಗಳಲ್ಲಿ ಹಾಡುತ್ತ, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈ ತಟ್ಟುತ್ತಾರೆ. ರೋಗಿ ದನಿಗೂಡಿಸುತ್ತಾನೆ. ಚಿಕಿತ್ಸಕರು ನಿಧಾನವಾಗಿ ತಮ್ಮ ದನಿ ತಗ್ಗಿಸುತ್ತಾರೆ. ವಾರಗಟ್ಟಲೆಯ ಅಭ್ಯಾಸದ ಮೇಲೆ ಹಾಡು ಮಾತಾಗುತ್ತ ಬರುತ್ತದೆ. 2011ರಲ್ಲಿ ತಲೆಗೆ ಗುಂಡು ತಗುಲಿ ಮಾತು ಕಳೆದುಕೊಂಡ ಅಮೆರಿಕದ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಮತ್ತೆ ಮಾತನಾಡಲು ಕಲಿತದ್ದರಲ್ಲಿ ಸಂಗೀತ ಚಿಕಿತ್ಸೆಯ ಪಾಲೂ ಇದೆ. ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ತಡವರಿಸುವವರಿಗೆ ಸಮನಾದ ತಾಳ ಕೇಳಿಸಿ ನಡೆಸುವ ವಿಧಾನವೂ ಇದೆ. ತಾಳಕ್ಕೆ ಹೆಜ್ಜೆ ಹೊಂದಿಕೊಂಡು ನಡಿಗೆ ಸುಧಾರಿಸುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಸಕ್ಕರೆ ಕಾಯಿಲೆಗೆ ಈ ರಾಗ, ರಕ್ತದೊತ್ತಡಕ್ಕೆ ಆ ರಾಗ ಎಂಬ ಪಟ್ಟಿಗಳು ವಾಟ್ಸಾಪಿನಲ್ಲಿ ಹರಿದಾಡುತ್ತವೆ. ನಮ್ಮವರೇ ಅವನ್ನು ಭಕ್ತಿಯಿಂದ ಮುಂದಕ್ಕೆ ಕಳಿಸುತ್ತಾರೆ. ಇದು ಚಿಕಿತ್ಸೆಯಲ್ಲ, ಪಂಚಾಂಗದ ಜಾಗಕ್ಕೆ ಬಂದ ಇನ್ನೊಂದು ಪಂಚಾಂಗ. ರಾಗ ಕೇಳುತ್ತ ಯಾರಾದರೂ ಗುಳಿಗೆ ಬಿಟ್ಟರೆ ಪ್ರಾಣಕ್ಕೆ ಅಪಾಯ. ಶಕುನ, ಮುಹೂರ್ತಗಳನ್ನು ಅಲ್ಲಗಳೆದ ಬಸವಾದಿ ಶರಣರ ಅನುಯಾಯಿಗಳು ರಾಗದ ಹೆಸರಿನ ಮೂಢನಂಬಿಕೆಗೆ ಮಣೆ ಹಾಕಬಾರದು.

ನಾವು ಎಂಜಿನಿಯರುಗಳು ಸೇತುವೆ ಕಟ್ಟಿದರೆ ಭಾರ ಪರೀಕ್ಷೆ ಮಾಡಿ ನೋಡುತ್ತೇವೆ. ಸಂಗೀತ ಚಿಕಿತ್ಸೆಗೂ ಅದೇ ನಿಯಮ: ಮೊದಲು ರೋಗಿಯ ಸ್ಥಿತಿ ಅಳೆ, ಗುರಿ ಗೊತ್ತುಮಾಡು, ಕೊನೆಗೆ ಮತ್ತೆ ಅಳೆ. ಫಲ ಬರದಿದ್ದರೆ ವಿಧಾನ ಬದಲಿಸು. ಇಂಥ ಶಿಸ್ತು ಬರುವುದು ಕಾಲೇಜಿನ ಓದಿನಿಂದ. ಆದ್ದರಿಂದಲೇ ಈ ವಿದ್ಯೆ ಕಾಲೇಜಿಗೆ ಬರಬೇಕು ಎನ್ನುತ್ತೇನೆ. ಓದಿದವರು ಇಲ್ಲದ ಕಡೆ ಪಟ್ಟಿ ಮಾರುವವರು ಬಂದು ಕೂಡುತ್ತಾರೆ.

ಸಂಗೀತದಿಂದ ಬದುಕು ಕಟ್ಟಿಕೊಡುವುದು ನಮ್ಮ ನಾಡಿನ ಮಠಗಳಿಗೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು, ಬಡ ಮಕ್ಕಳು ಜಾತಿಭೇದವಿಲ್ಲದೆ ಊಟ, ವಸತಿ, ವಿದ್ಯೆ ಪಡೆದರು. ಭಿಕ್ಷೆಗೆ ನಿಲ್ಲಬೇಕಾಗಿದ್ದ ಎಷ್ಟೋ ಕೈಗಳು ಹಾರ್ಮೋನಿಯಂ, ತಬಲಾ ಹಿಡಿದು ಕಾಯಕಕ್ಕೆ ನಿಂತವು. ಬಸವರಾಜ ರಾಜಗುರು, ವೆಂಕಟೇಶಕುಮಾರರಂಥ ಗಾಯಕರು ಬಂದದ್ದೂ ಇದೇ ಗುರುಪರಂಪರೆಯಿಂದ.

ತಂದೆತಾಯಿಗಳ ಅಂಜಿಕೆ ಸುಳ್ಳಲ್ಲ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆಯಿದ್ದಂತೆ ಸಂಗೀತ ಚಿಕಿತ್ಸಕರ ಹುದ್ದೆ ಇಲ್ಲ. ಹಾಗಾಗಿ ಸಂಗೀತದ ಜೊತೆಗೆ ಮನಶ್ಶಾಸ್ತ್ರ ಅಥವಾ ವಿಶೇಷ ಶಿಕ್ಷಣದ ಓದು ಇರಲಿ ಎಂದು ಹುಡುಗಿಗೆ ಹೇಳಿದ್ದೇನೆ. ಒಂದು ಕೈಹಿಡಿಯದಿದ್ದರೆ ಇನ್ನೊಂದು ಕೈಹಿಡಿಯುತ್ತದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿಯೇ ಸಂಗೀತ ಚಿಕಿತ್ಸೆ ಕಲಿಸುತ್ತಾರೆ. ಅಂದರೆ ದಾರಿ ಇದೆ. ಆದರೆ ನಮ್ಮ ಮಕ್ಕಳಿಗೆ ದೂರ.

ಆ ದೂರವನ್ನು ನಮ್ಮ ಮಠಗಳು, ಸಂಘ-ಸಂಸ್ಥೆಗಳು ಕಡಿಮೆ ಮಾಡಬಹುದು. ವೈದ್ಯಕೀಯ, ಫಿಸಿಯೋಥೆರಪಿ, ನರ್ಸಿಂಗ್ ಕಾಲೇಜುಗಳೂ ನಮ್ಮಲ್ಲಿವೆ, ಸಂಗೀತ ಪಾಠಶಾಲೆಗಳೂ ಇವೆ. ಕಾಲುವೆ ತೋಡಿದ್ದಾಗಿದೆ, ಕೆರೆಯೂ ತುಂಬಿದೆ, ತೂಬು ಎತ್ತುವುದಷ್ಟೇ ಉಳಿದಿದೆ. ಮೊದಲಿಗೆ ಪದವೀಧರರಿಗೆ ಒಂದು ವರ್ಷದ ಡಿಪ್ಲೊಮಾ ಆರಂಭವಾಗಲಿ. ಮಠಗಳು ನಡೆಸುವ ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆಗಳಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ತರಬೇತಿ ನಡೆಯಲಿ, ಕಲಿತವರಿಗೆ ಅಲ್ಲಿಯೇ ಸಂಬಳದ ಕೆಲಸವಿರಲಿ. ಕಾರ್ಯಕ್ರಮಕ್ಕೆ ಬಂದ ಗಾಯಕರಿಗೂ ಶಾಲಿನ ಜೊತೆಗೆ ತಕ್ಕ ಸಂಭಾವನೆ ಸಲ್ಲಲಿ. ಶಾಮಿಯಾನ ಹಾಕಿದವನಿಗೆ ಹಣ ಎಣಿಸಿಕೊಟ್ಟು, ಹಾಡಿದವನಿಗೆ "ಸೇವೆ ಮಾಡಿದಿರಿ" ಎನ್ನುವುದು ಕಾಯಕ ತತ್ವಕ್ಕೆ ಒಪ್ಪುವ ಮಾತಲ್ಲ.

ತಾಳ-ಲಯಗಳ ಶಾಸ್ತ್ರ ತಮಗೆ ತಿಳಿಯದೆಂದು ಅಣ್ಣನವರು ಒಂದು ವಚನದಲ್ಲಿ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾರೆ; ಹಾಗೆಂದು ಹಾಡುವುದನ್ನು ಬಿಡಲಿಲ್ಲ. ಹಾಡಲು ಯಾರಿಗೂ ಶಾಸ್ತ್ರ ಬೇಕಿಲ್ಲ. ಆದರೆ ಮಾತು ಕಳೆದುಕೊಂಡವನನ್ನು ಹಾಡಿನ ಮೂಲಕ ಮಾತಿಗೆ ಕರೆತರಲು ಶಾಸ್ತ್ರ ಬೇಕು, ಓದು ಬೇಕು, ತಾಳ್ಮೆ ಬೇಕು. ಆ ಓದಿಗೆ ಮುಂದೆ ಬಂದ ಮಗುವನ್ನು ತಡೆಯಬೇಡಿ. ಮುಂದಿನ ಶೈಕ್ಷಣಿಕ ವರ್ಷದೊಳಗೆ ಯಾವುದಾದರೂ ಒಂದು ಮಠ ಈ ಕೆಲಸಕ್ಕೆ ಕೈಹಾಕಲಿ ಎಂದು ಪೂಜ್ಯರಲ್ಲಿಯೂ ಸಂಸ್ಥೆಗಳ ಪದಾಧಿಕಾರಿಗಳಲ್ಲಿಯೂ ನನ್ನ ವಿನಂತಿ.