ನಿಂತ ಚಿತ್ರ ನಡೆದಾಗ

ಮಲಪ್ರಭೆಯ ದಂಡೆಯ ಮೇಲಿನ ಮೆಣಸಗಿ, ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಊರು. ಈ ಭಾಗದ ಹಳೆಯ ಮನೆಗಳ ಪಡಸಾಲೆಯಲ್ಲಿ ಕಣ್ಣೆತ್ತಿ ನೋಡಿದರೆ ಗೋಡೆಯ ಮೇಲೆ ಹಿರಿಯರ ಭಾವಚಿತ್ರಗಳ ಸಾಲು ಕಾಣುವುದುಂಟು. ರುಮಾಲು ಸುತ್ತಿದ ಮುತ್ಯಾ, ಇಳಕಲ್ ಸೀರೆಯ ಅಜ್ಜಿ, ಪಕ್ಕದಲ್ಲಿ ಕುರ್ಚಿಯ ತೋಳು ಹಿಡಿದು ನಿಂತ ಮಗು. ಎಲ್ಲರೂ ಉಸಿರು ಬಿಗಿಹಿಡಿದವರಂತೆ ನೆಟ್ಟಗೆ ಕುಳಿತಿರುತ್ತಾರೆ. ಜೀವಮಾನದಲ್ಲಿ ಒಂದೋ ಎರಡೋ ಸಲ ಫೋಟೋ ತೆಗೆಸಿಕೊಂಡವರಿಗೆ ಕ್ಯಾಮೆರಾದ ಮುಂದೆ ನಗುವ ಧೈರ್ಯ ಎಲ್ಲಿಂದ ಬರಬೇಕು?

ಈಗ ಅಂಥದೊಂದು ಫೋಟೋವನ್ನು ಮೊಬೈಲಿನಲ್ಲಿ ಸೆರೆಹಿಡಿದು, ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಪ್ಪಿಸಿ, ‘ಅಜ್ಜ ನಗಲಿ’ ಎಂದು ಒಂದು ಸಾಲು ಬರೆದರೆ ಸಾಕು. ಒಂದೆರಡು ನಿಮಿಷದಲ್ಲಿ ಅಜ್ಜ ಕಣ್ಣು ಮಿಟುಕಿಸುತ್ತಾನೆ, ಕತ್ತು ಹೊರಳಿಸುತ್ತಾನೆ, ತುಟಿಯಂಚಿನಲ್ಲಿ ನಗುತ್ತಾನೆ. ಮನೆಯವರ ಕಣ್ಣಲ್ಲಿ ನೀರು. ಆ ನೀರು ಸುಳ್ಳಲ್ಲ. ಆದರೆ ಆ ನಗು ಯಾರದು?

ಪ್ರಶ್ನೆ ಕುಚೋದ್ಯದ್ದಲ್ಲ. 2021ರ ಫೆಬ್ರುವರಿಯಲ್ಲಿ ಇಸ್ರೇಲಿನ ಮೈಹೆರಿಟೇಜ್ ಎಂಬ ವಂಶಾವಳಿ ಸಂಸ್ಥೆ ‘ಡೀಪ್ ನಾಸ್ಟಾಲ್ಜಿಯಾ’ ಎಂಬ ಸೌಲಭ್ಯವನ್ನು ಹೊರತಂದಾಗ ಜಗತ್ತಿನಾದ್ಯಂತ ಜನ ಮುಗಿಬಿದ್ದು ತಮ್ಮ ಹಿರಿಯರ ಚಿತ್ರಗಳನ್ನು ಅದಕ್ಕೆ ಕೊಟ್ಟರು. ನಮ್ಮ ದೇಶದಲ್ಲಿ ಭಗತ್ ಸಿಂಗ್, ವಿವೇಕಾನಂದರ ಚಿತ್ರಗಳೂ ಮಿಸುಕಾಡಿದವು. ಅದರ ಒಳಗುಟ್ಟು ಸರಳವಾಗಿತ್ತು. ಬೇರೆಯವರ ಮುಖ ಹೊರಳುವುದನ್ನು, ಅವರು ನಗುವುದನ್ನು ಸಂಸ್ಥೆ ಮೊದಲೇ ಚಿತ್ರೀಕರಿಸಿ ಇಟ್ಟುಕೊಂಡಿತ್ತು. ಆ ಚಲನೆಯನ್ನು ಹಳೆಯ ಫೋಟೋದ ಮುಖಕ್ಕೆ ತೊಡಿಸಲಾಗುತ್ತಿತ್ತು. ಮುಖ ಅಜ್ಜನದು, ನಗು ಎಂದೂ ಕಾಣದ ಯಾರೋ ಒಬ್ಬರದು. ಮಾತನಾಡಿಸುವ ಸೌಲಭ್ಯವನ್ನು ಮಾತ್ರ ಆ ಸಂಸ್ಥೆ ಬೇಕೆಂದೇ ಕೊಡಲಿಲ್ಲ. ದುರುಪಯೋಗವಾದೀತು ಎಂಬ ಅಳುಕು ಅದಕ್ಕೆ ಆಗಲೇ ಇತ್ತು.

ಇಂದಿನ ಯಂತ್ರಗಳು ಹೀಗೆ ಎರವಲು ತಂದ ಒಂದೇ ನಗುವನ್ನು ಅಂಟಿಸುವುದಿಲ್ಲ. ಅವು ನಡಿಗೆಯನ್ನೂ ನಗುವನ್ನೂ ತಾವೇ ಹೆಣೆಯುತ್ತವೆ. ಅದು ಹೇಗೆಂದು ತಿಳಿಯಲು ಹಿರಿಯ ಓದುಗರು ತಮ್ಮ ಹಳೆಯ ಟಿ.ವಿ.ಯನ್ನು ನೆನಪಿಗೆ ತಂದುಕೊಳ್ಳಬೇಕು. ಗಾಳಿಗೆ ಆಂಟೆನಾ ತಿರುಗಿ ದೂರದರ್ಶನದ ಚಿತ್ರ ಮಾಯವಾದಾಗ ಪರದೆಯ ತುಂಬ ಇರುವೆಗಳು ಮುಕುರಿದಂತೆ ಕಪ್ಪು ಬಿಳಿ ಚುಕ್ಕೆಗಳು ಕುಣಿಯುತ್ತಿದ್ದವಲ್ಲ, ಯಂತ್ರದ ಪಾಠ ಆ ಚುಕ್ಕೆಗಳಿಂದಲೇ ಶುರುವಾಗುತ್ತದೆ. ಮೊದಲು ಅದಕ್ಕೆ ಒಂದು ಸ್ವಚ್ಛ ವಿಡಿಯೊ ತೋರಿಸಿ, ಅದರ ಮೇಲೆ ಸ್ವಲ್ಪ ಸ್ವಲ್ಪವೇ ಚುಕ್ಕೆಗಳನ್ನು ಎರಚುತ್ತ ಹೋಗುತ್ತಾರೆ. ಆಮೇಲೆ ‘ಎರಚಿದ್ದು ಯಾವುದು, ಮೂಲ ಯಾವುದು, ಬೇರ್ಪಡಿಸು’ ಎಂದು ಕೇಳುತ್ತಾರೆ. ತಪ್ಪಿದರೆ ತಿದ್ದುತ್ತಾರೆ. ಲಕ್ಷಗಟ್ಟಲೆ ವಿಡಿಯೊಗಳ ಮೇಲೆ ಈ ತಾಲೀಮು ನಡೆದ ಮೇಲೆ ಯಂತ್ರಕ್ಕೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಬರೀ ಚುಕ್ಕೆಗಳ ಗದ್ದಲವನ್ನು ಕೊಟ್ಟರೂ ಅದರೊಳಗಿಂದ ಒಂದು ಚಿತ್ರವನ್ನು ‘ತೊಳೆದು’ ತೆಗೆಯುವ ಚಾಳಿ.

ನೀವು ಕೊಟ್ಟ ಫೋಟೋ ಅಲ್ಲಿ ದಾರಿ ತೋರಿಸುವ ದೀಪ. ‘ಮೊದಲ ಚೌಕಟ್ಟು ಹೀಗಿರಬೇಕು’ ಎಂದು ಅದು ಹೇಳುತ್ತದೆ. ನೀವು ಬರೆದ ಸಾಲು ಮುಂದೇನಾಗಬೇಕೆಂದು ಹೇಳುತ್ತದೆ. ಉಳಿದದ್ದನ್ನು ಯಂತ್ರ ಚುಕ್ಕೆಗಳಿಂದ ತೊಳೆದು ತೆಗೆಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಯಂತ್ರ ಸಾಮಾನ್ಯವಾಗಿ ಒಂದು ಚಿತ್ರ ಮುಗಿಸಿ ಇನ್ನೊಂದನ್ನು ಬರೆಯುವುದಿಲ್ಲ. ತುಣುಕಿನ ಎಲ್ಲ ಚೌಕಟ್ಟುಗಳನ್ನೂ ಒಟ್ಟಿಗೆ ಹರವಿಕೊಂಡು ಒಂದಕ್ಕೊಂದು ಹೋಲಿಸುತ್ತ ತೊಳೆಯುತ್ತದೆ. ಹಾಗೆ ಮಾಡದಿದ್ದರೆ ಮೊದಲ ಕ್ಷಣದ ಬಿಳಿ ರುಮಾಲು ಮರುಕ್ಷಣ ಕೆಂಪಾಗಿಬಿಟ್ಟೀತು.

2023ರ ನವೆಂಬರಿನಲ್ಲಿ ಹೊರಬಂದ ‘ಸ್ಟೇಬಲ್ ವಿಡಿಯೊ ಡಿಫ್ಯೂಷನ್’ ಎಂಬ ತಂತ್ರಾಂಶ ಒಂದು ಫೋಟೋದಿಂದ 14 ಅಥವಾ 25 ಚೌಕಟ್ಟು ಮಾಡುತ್ತಿತ್ತು. ಸಿನಿಮಾ ಲೆಕ್ಕದಲ್ಲಿ ಅದು ಒಂದು ಸೆಕೆಂಡಿನ ಮಾತು. 2025ರ ಜುಲೈ ಹೊತ್ತಿಗೆ ಗೂಗಲ್‌ನ ಜೆಮಿನಿ ಒಂದು ಫೋಟೋ ಇಟ್ಟುಕೊಂಡು ಶಬ್ದಸಮೇತ ಎಂಟು ಸೆಕೆಂಡಿನ ತುಣುಕು ಕೊಡತೊಡಗಿತ್ತು. ಸೆಕೆಂಡಿಗೆ 24 ಚೌಕಟ್ಟೆಂದು ಹಿಡಿದು ವಿದ್ಯಾರ್ಥಿಗಳು ಗುಣಿಸಿ ನೋಡಲಿ: ಒಟ್ಟು 192 ಚಿತ್ರಗಳು. ಅದರಲ್ಲಿ ಕ್ಯಾಮೆರಾ ಕಂಡದ್ದು ಒಂದೇ ಒಂದು. ಮಿಕ್ಕ 191 ಯಂತ್ರದ ಊಹೆ.

1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ದಾರಿಯಲ್ಲಿ ಸಾಲಾಗಿ ಕ್ಯಾಮೆರಾಗಳನ್ನು ಇಟ್ಟು ಅದರ ಓಟವನ್ನು ಬಿಡಿಬಿಡಿ ಚಿತ್ರಗಳಾಗಿ ಕತ್ತರಿಸಿದ. ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಗೇ ನೆಲ ಬಿಡುವುದುಂಟು ಎಂಬುದು ಆಗ ಖಚಿತವಾಯಿತು. ಅಂದರೆ ಬರಿಗಣ್ಣಿಗೆ ಕಾಣದ ಸತ್ಯವನ್ನು ಆ ಚಿತ್ರಗಳು ಹೇಳಿದವು. ಇಂದಿನ ಯಂತ್ರದ್ದು ತಿರುವುಮುರುವಾದ ಕೆಲಸ. ಒಂದು ಚಿತ್ರದಿಂದ ಓಟವನ್ನು ಕಟ್ಟುತ್ತದೆ, ಆ ಓಟ ಎಂದೂ ನಡೆದದ್ದಲ್ಲ.

ರೋಣಕ್ಕೆ ಹೊಂದಿಕೊಂಡ ಬಾದಾಮಿಗೆ ಶಾಲೆಯ ಪ್ರವಾಸ ಹೋದ ಮಕ್ಕಳು ಮೊದಲ ಗುಹೆಯ ನಟರಾಜನನ್ನು ಕಂಡಿರುತ್ತಾರೆ. ಆರನೆಯ ಶತಮಾನದ ಆ ಶಿವನಿಗೆ ಹದಿನೆಂಟು ಕೈ. ಕೈಗಳನ್ನು ಜೋಡಿ ಜೋಡಿಯಾಗಿ ನೋಡುತ್ತ ಹೋದರೆ ಒಂದೊಂದು ಜೋಡಿಯೂ ನೃತ್ಯದ ಬೇರೆ ಬೇರೆ ಭಂಗಿಯಂತೆ ತೋರುತ್ತದೆ. ಕಲ್ಲು ಕದಲುವುದಿಲ್ಲ, ನೋಡುವವರ ಕಣ್ಣು ಕದಲುತ್ತದೆ, ಕುಣಿತ ಆಗಿಬಿಡುತ್ತದೆ. ಚಾಲುಕ್ಯರ ಶಿಲ್ಪಿ ಒಂದೇ ಚೌಕಟ್ಟಿನಲ್ಲಿ ಸಾಧಿಸಿದ್ದು ಇದು. ಇದೇ ಶಿಲ್ಪದ ಫೋಟೋವನ್ನು ಕುಣಿಸು ಎಂದು ಯಂತ್ರಕ್ಕೆ ಕೊಟ್ಟರೆ ಅದು ಎಡವುವುದು ಬಹುಮಟ್ಟಿಗೆ ಇಂಥಲ್ಲಿಯೇ. ಎರಡು ಕೈಗಳ ಮನುಷ್ಯರನ್ನು ಕಂಡು ಪಾಠ ಕಲಿತ ಯಂತ್ರ ಅದು. ಹದಿನೆಂಟು ಕೈಗಳಲ್ಲಿ ಒಂದು ಇನ್ನೊಂದರೊಳಗೆ ಕರಗಿ, ಬೆರಳುಗಳು ಮುದ್ದೆಯಾದರೆ ಆಶ್ಚರ್ಯವಿಲ್ಲ. ಅದಕ್ಕೆ ಗೊತ್ತಿರುವುದು ಭರತನಾಟ್ಯವೂ ಅಲ್ಲ, ಶಿವನೂ ಅಲ್ಲ. ಇಂಥ ಬಣ್ಣದ ಪಕ್ಕ ಸಾಮಾನ್ಯವಾಗಿ ಎಂಥ ಬಣ್ಣ ಬರುತ್ತದೆ, ಈ ಆಕಾರ ಮುಂದೆ ಸಾಮಾನ್ಯವಾಗಿ ಎತ್ತ ಸರಿಯುತ್ತದೆ ಎಂಬ ರೂಢಿ ಮಾತ್ರ.

ಈ ‘ಸಾಮಾನ್ಯವಾಗಿ’ ಎಂಬ ಮಾತಿನಲ್ಲಿಯೇ ಎಲ್ಲ ತೊಡಕೂ ಇದೆ. ರೋಣದಲ್ಲಿ 1922ರಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರ ಒಂದು ಫೋಟೋವನ್ನು ‘ಹಾಡಲಿ’ ಎಂದು ಕೊಟ್ಟರೆ ಯಂತ್ರ ಹಾಡುಗಾರರು ಸಾಮಾನ್ಯವಾಗಿ ಮಾಡುವಂತೆ ತುಟಿ ಆಡಿಸಿ, ಕೈ ಎತ್ತಿ ಇಳಿಸೀತು. ಜೋಶಿಯವರು ಸಾಮಾನ್ಯವಾಗಿ ಹಾಡಿದವರೇ? ತಾನು ಬೆನ್ನಟ್ಟಿದ ಸ್ವರ ಕೈಗೆ ಸಿಗುವತನಕ ಇಡೀ ಮೈಯನ್ನೇ ತಿರುಚುವ ಆ ಪರಿಯನ್ನು ಒಂದು ನಿಂತ ಚಿತ್ರದಿಂದ ಊಹಿಸಿ ತೆಗೆಯುವುದು ಆಗದ ಮಾತು. ಅದೃಷ್ಟಕ್ಕೆ ಅವರ ಕಛೇರಿಗಳ ನಿಜವಾದ ಚಿತ್ರೀಕರಣವೇ ಉಳಿದಿದೆ. ಹಾಗೆ ಚಿತ್ರೀಕರಣ ಉಳಿಯದವರ ಗತಿ ನೋಡಿ. ಮೊಮ್ಮಕ್ಕಳು ಒಮ್ಮೆ ಯಂತ್ರದ ನಗುವನ್ನು ನೋಡಿಬಿಟ್ಟರೆ ಅಜ್ಜನ ನೆನಪಿನ ಜಾಗದಲ್ಲಿ ಅದೇ ಕುಳಿತುಕೊಳ್ಳುತ್ತದೆ. ಎಂದೂ ಹಲ್ಲು ಕಾಣುವಂತೆ ನಗದ ಮುತ್ಯಾ ಮುಂದಿನ ತಲೆಮಾರಿಗೆ ಹಸನ್ಮುಖಿಯಾಗಿ ಉಳಿದಾನು. ಮಾಡಲೇಬಾರದು ಎಂದಲ್ಲ. ಮಾಡಿದರೆ ಮೂಲ ಫೋಟೋವನ್ನು ಬೇರೆಯಾಗಿ ಜೋಪಾನ ಮಾಡಿ, ತುಣುಕಿನ ಮೇಲೆ ‘ಯಂತ್ರದಿಂದ ಮಾಡಿದ್ದು’ ಎಂದೂ, ಯಾವ ವರ್ಷ ಮಾಡಿದ್ದೆಂದೂ ಬರೆದಿಡುವುದು ಮನೆಯ ಹಿರಿಯರ ಕೆಲಸ.

ಇಷ್ಟಕ್ಕೂ ನಿಂತ ಚಿತ್ರವನ್ನು ಆಡಿಸುವುದು ಈ ಸೀಮೆಗೆ ಹೊಸದಲ್ಲ. ಗದಗದ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆ ಆಡಿಸಿದ್ದಕ್ಕೆ. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಚರ್ಮದ ಮೇಲೆ ಬರೆದ ಚಿತ್ರ, ಹಿಂದೊಂದು ದೀಪ, ಮುಂದೊಂದು ಪರದೆ. ಆದರೆ ಅಲ್ಲಿ ಗೊಂಬೆಯ ಕೈ ಎಲ್ಲಿ ಏಳಬೇಕೆಂಬುದು ಕಥೆ ಬಲ್ಲವರ ಬೆರಳಿಗೆ ಗೊತ್ತು.

ಕನ್ನಡ ಚಿತ್ರರಂಗದ ಮಾತಿಗೆ ಬಂದರೆ, 2016ರ ‘ನಾಗರಹಾವು’ ಚಿತ್ರದಲ್ಲಿ, 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದ ಡಾ. ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್ ತಂತ್ರದಿಂದ ಮತ್ತೆ ತೆರೆಗೆ ತರಲಾಯಿತು. ಅದಕ್ಕೆ ದೊಡ್ಡ ತಂಡವೇ ದುಡಿಯಬೇಕಾಯಿತು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಲೆಕ್ಕವೇ ಬದಲಾಗಿತ್ತು. 2025ರಲ್ಲಿ ಬಂದ ‘ಲವ್ ಯೂ’ ಎಂಬ ಕನ್ನಡ ಚಿತ್ರವನ್ನು ಪೂರ್ತಿಯಾಗಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದೆಂದು ಅದರ ತಯಾರಕರು ಪ್ರಕಟಿಸಿದರು. ನಿರ್ದೇಶಕ ನರಸಿಂಹಮೂರ್ತಿ ಬೆಂಗಳೂರಿನ ಬಾಗಲಗುಂಟೆಯ ದೇವಸ್ಥಾನವೊಂದರ ಅರ್ಚಕರು. ಕಂಪ್ಯೂಟರ್ ಕೆಲಸ ನೂತನ್ ಅವರದು. ನಟರಿಲ್ಲ, ಕ್ಯಾಮೆರಾ ಇಲ್ಲ. ಖರ್ಚು ಸುಮಾರು 10 ಲಕ್ಷ ರೂಪಾಯಿ, ಅದರ ಬಹುಪಾಲು ತಂತ್ರಾಂಶಗಳ ಬಾಡಿಗೆಗೇ ಹೋಯಿತು. ಚಿತ್ರದ ಅವಧಿ 95 ನಿಮಿಷ, ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವೂ ಸಿಕ್ಕಿತು.

ಎಂಟೆಂಟು ಸೆಕೆಂಡಿನ ತುಣುಕೆಂದು ಹಿಡಿದರೂ 95 ನಿಮಿಷಕ್ಕೆ ಏಳುನೂರಕ್ಕೂ ಹೆಚ್ಚು ತುಣುಕು ಬೇಕು. ಪ್ರತಿ ತುಣುಕಿನಲ್ಲೂ ನಾಯಕಿಯ ಮುಖ ಅದೇ ಆಗಿರಬೇಕು. ಯಂತ್ರಕ್ಕೆ ಇದೇ ಕಷ್ಟ. ತುಣುಕಿನೊಳಗೆ ಅದು ಮುಖವನ್ನು ಕಾಪಾಡಿಕೊಂಡೀತು, ಮುಂದಿನ ತುಣುಕಿಗೆ ಹೋಗುವಾಗ ಹಿಂದಿನದು ಅದಕ್ಕೆ ನೆನಪಿರುವುದಿಲ್ಲ. ಅದಕ್ಕೇ ಬಲ್ಲವರು ಮೊದಲು ಒಂದು ಒಳ್ಳೆಯ ಸ್ಥಿರಚಿತ್ರ ಮಾಡಿಕೊಂಡು, ಅದೇ ಮುಖವನ್ನು ಪ್ರತಿ ಸಲವೂ ಯಂತ್ರದ ಮುಂದೆ ಹಿಡಿಯುತ್ತಾರೆ. ಒಂದು ತುಣುಕಿನ ಕೊನೆಯ ಚೌಕಟ್ಟನ್ನು ಮುಂದಿನದರ ಮೊದಲ ಚೌಕಟ್ಟಾಗಿ ಕೊಡುವ ಉಪಾಯವೂ ಇದೆ. ಚಲನಚಿತ್ರ ಮಾಡುವ ಆಸೆಯಿರುವ ಹುಡುಗರು ಇದನ್ನು ತಿಳಿದಿರಬೇಕು: ಇಲ್ಲಿಯೂ ಶ್ರಮವಿದೆ. ಬಟನ್ ಒತ್ತಿದರೆ ಸಿನಿಮಾ ಉದುರುವುದಿಲ್ಲ.

ಇಷ್ಟು ವಿನೋದದ ಭಾಗ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ಪಾತ್ರ ಮೀರಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಹೊಳೆಆಲೂರು, ಮೆಣಸಗಿ ಕಡೆಯವರು ಮರೆತಿರಲಿಕ್ಕಿಲ್ಲ. ಆ ದಿನಗಳ ಫೋಟೋಗಳು ಎಷ್ಟೋ ಮೊಬೈಲುಗಳಲ್ಲಿ ಉಳಿದಿರಬಹುದು. ಅವುಗಳಲ್ಲಿ ಒಂದನ್ನು ಯಾರಾದರೂ ತಮಾಷೆಗೆಂದು ಯಂತ್ರಕ್ಕೆ ಕೊಟ್ಟು, ನೀರು ಭೋರ್ಗರೆಯುವಂತೆ ಮಾಡಿ, ಮಳೆಗಾಲದ ಒಂದು ರಾತ್ರಿ ‘ಈಗಷ್ಟೇ ಸೇತುವೆ ಮುಳುಗಿತು’ ಎಂದು ವಾಟ್ಸ್‌ಆ್ಯಪಿನಲ್ಲಿ ಹರಿಬಿಟ್ಟರೆ? ವಯಸ್ಸಾದವರನ್ನೂ ದನಕರುಗಳನ್ನೂ ಎಬ್ಬಿಸಿಕೊಂಡು ಜನ ಕತ್ತಲಲ್ಲಿ ಹೊರಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಮುಂದಿನ ಸಲ ಆಗುವಂಥದು. ನಿಜವಾದ ನೀರಿನ ವಿಡಿಯೊ ಬಂದಾಗ ‘ಇದೂ ಅಂಥದ್ದೇ’ ಎಂದು ಮಗ್ಗುಲು ಬದಲಿಸುತ್ತಾರೆ.

ಸುಳ್ಳು ತುಣುಕನ್ನು ಗುರುತಿಸುವುದು ಹೇಗೆ? ಅಂಗಡಿಯ ಫಲಕದ ಕನ್ನಡ ಅಕ್ಷರಗಳು ಕಲಸಿಹೋಗಿವೆಯೇ, ಜನ ಒಬ್ಬರನ್ನೊಬ್ಬರು ದಾಟುವಾಗ ಕೈಕಾಲು ಬೆರೆತುಹೋಗುತ್ತವೆಯೇ, ನೀರು ಕಂಬದ ಎರಡೂ ಬದಿಗೆ ಒಂದೇ ದಿಕ್ಕಿಗೆ ಹರಿಯುತ್ತಿದೆಯೇ ಎಂದು ನೋಡಬಹುದು. ಆದರೆ ಈ ಕುರುಹುಗಳನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ. ಯಂತ್ರಗಳು ವರ್ಷದಿಂದ ವರ್ಷಕ್ಕೆ ಅವನ್ನು ತಿದ್ದಿಕೊಳ್ಳುತ್ತಿವೆ. ‘ಇದನ್ನು ತೆಗೆದವರು ಯಾರು, ಎಲ್ಲಿ ನಿಂತು, ಯಾವ ದಿನ’ ಎಂಬ ಮೂರು ಪ್ರಶ್ನೆ ಹಳೆಯದಾಗುವುದಿಲ್ಲ. ಸೇತುವೆಯ ಆಚೆ ದಂಡೆಯಲ್ಲಿರುವ ನೆಂಟರಿಗೆ ಒಂದು ಫೋನ್ ಮಾಡಿದರೆ ಯಾವ ತಂತ್ರಾಂಶವೂ ಹೇಳದ ಉತ್ತರ ಸಿಗುತ್ತದೆ. ಯಂತ್ರದಿಂದ ಮಾಡಿದ ದೃಶ್ಯಗಳಿಗೆ ಗುರುತಿನ ಚೀಟಿ ಇರಬೇಕೆಂದು ಕೇಂದ್ರ ಸರ್ಕಾರ 2026ರ ಫೆಬ್ರುವರಿಯಲ್ಲಿ ನಿಯಮ ತಂದಿದೆ. ಒಳ್ಳೆಯದೇ. ಆದರೆ ಚೀಟಿ ಹರಿದು ಹಾಕುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ಇನ್ನೂ ಎಚ್ಚರದಿಂದ ಓದಬೇಕು. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಕ್ಕೆ ಅಂಟಿಸಿ ಹರಡಿದ ಪ್ರಕರಣ ದೇಶವನ್ನೇ ಬೆಚ್ಚಿಬೀಳಿಸಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆ ಸಂಬಂಧ ಒಬ್ಬನನ್ನು ಬಂಧಿಸಿದರು. ಅಂದಿನ ಕೆಲಸಕ್ಕೆ ಒಂದು ವಿಡಿಯೊವೇ ಬೇಕಾಗಿತ್ತು. ಇಂದು ಶಾಲೆಯ ಗುಂಪುಚಿತ್ರದಿಂದ ಕತ್ತರಿಸಿದ ಒಂದು ಮುಖ ಸಾಕು. ಖ್ಯಾತ ನಟಿಯ ಪರವಾಗಿ ದೇಶ ಮಾತನಾಡಿತು. ಒಂಬತ್ತನೆಯ ತರಗತಿಯ ಹುಡುಗಿಯ ಪರವಾಗಿ ಮಾತನಾಡಬೇಕಾದವರು ಮನೆಯವರು. ಇಂಥದ್ದು ನಡೆದಾಗ ಮೊದಲು ಹುಡುಗಿಯ ಕೈಯಿಂದ ಮೊಬೈಲ್ ಕಸಿದು, ಶಾಲೆ ಬಿಡಿಸಿ, ಅವಳನ್ನೇ ಬೈಯುವ ರೂಢಿಯಿದೆ. ಈ ರೂಢಿ ಅಪರಾಧಿಗೆ ದೊಡ್ಡ ರಕ್ಷಣೆ, ಏಕೆಂದರೆ ಆ ಭಯದಿಂದಲೇ ಹುಡುಗಿಯರು ಬಾಯಿ ಬಿಡುವುದಿಲ್ಲ. ಮಾಡಬೇಕಾದದ್ದು ಬೇರೆ. ತುಣುಕು ಎಲ್ಲಿ ಕಂಡಿತೋ ಅದರ ವಿಳಾಸ, ಕಳುಹಿಸಿದವನ ಸಂಖ್ಯೆ, ದಿನಾಂಕ ಬರೆದಿಟ್ಟುಕೊಂಡು ಪೊಲೀಸರಿಗೋ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣಕ್ಕೋ ದೂರು ಕೊಡಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಹಣ ಕೇಳಿ ಬೆದರಿಸಿ, ಹಣ ಹೋಗಿದ್ದರೆ 1930. ಹದಿನೆಂಟರ ಒಳಗಿನವರ ಅಶ್ಲೀಲ ದೃಶ್ಯ ಸೃಷ್ಟಿಸುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಂತೆ ಅಪರಾಧ. ತಮಾಷೆಗೆ ಮಾಡಿದೆ ಎಂದರೆ ಬಿಡುವುದಿಲ್ಲ. ಇದನ್ನು ಗಂಡುಮಕ್ಕಳ ತಂದೆತಾಯಿಗಳೂ ತಮ್ಮ ಮಗನ ಎದುರಿಗೆ ಕುಳಿತು ಓದಿ ಹೇಳಲಿ.

ಇನ್ನು ಬಳಸಲೇಬೇಕೆನ್ನುವ ವಿದ್ಯಾರ್ಥಿಗಳ ಮಾತು. ಫೋಟೋ ಕೊಟ್ಟ ಕ್ಷಣ ಅದು ನಿಮ್ಮ ಮೊಬೈಲ್ ಬಿಟ್ಟು ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಆದ್ದರಿಂದ ಗೆಳತಿಯರ, ತಮ್ಮ ತಂಗಿಯರ ಮುಖ ಬೇಡ. ಇಂಥ ಸೇವೆಗಳಲ್ಲಿ ಹಲವು ಹದಿನೆಂಟು ತುಂಬಿದವರಿಗೆ ಮಾತ್ರ ಎಂಬುದನ್ನೂ ನೋಡಿಕೊಳ್ಳಿ. ವಿಜ್ಞಾನದ ಪ್ರಾಜೆಕ್ಟಿಗೆ ಜೋಳದ ಮೊಳಕೆಯ ಫೋಟೋ ಕೊಟ್ಟು ‘ಬೆಳೆಯಲಿ’ ಎಂದರೆ ಚಂದದ ತುಣುಕು ಬಂದೀತು. ಆದರೆ ಅದು ಜೋಳ ಬೆಳೆಯುವ ರೀತಿಯಲ್ಲ, ಗಿಡಗಳು ಬೆಳೆಯುವ ವಿಡಿಯೊಗಳ ಸರಾಸರಿ. ಎರೆ ಮಣ್ಣಿನ ಕುಂಡದಲ್ಲಿ ನಾಲ್ಕು ಕಾಳು ಊರಿ, ಮೊಬೈಲನ್ನು ಒಂದೇ ಜಾಗದಲ್ಲಿ ಅಲುಗದಂತೆ ನಿಲ್ಲಿಸಿ, ಗಂಟೆಗೊಂದು ಫೋಟೋ ತೆಗೆದರೆ ಹತ್ತು ದಿನಕ್ಕೆ 240 ಚಿತ್ರಗಳಾಗುತ್ತವೆ. ರಾತ್ರಿಯೂ ಎದ್ದು ತೆಗೆಯಲು ಅಮ್ಮ ಬಿಡದಿದ್ದರೆ ಹಗಲಿನ 12 ಗಂಟೆಯ ಲೆಕ್ಕದಲ್ಲಿ 120. ಸೆಕೆಂಡಿಗೆ 12 ಚಿತ್ರದಂತೆ ಜೋಡಿಸಿದರೆ ಹತ್ತು ಸೆಕೆಂಡಿನ ಚಲನಚಿತ್ರ. ಚಿತ್ರ ಜೋಡಿಸುವ ಉಚಿತ ತಂತ್ರಾಂಶಗಳು ಮೊಬೈಲಿಗೆ ಸಿಗುತ್ತವೆ. ಕುಂಡವನ್ನು ಕಿಟಕಿಯ ಪಕ್ಕ ಇಟ್ಟರೆ ಮೊಳಕೆ ಬೆಳಕಿನ ಕಡೆ ಬಾಗುವುದೂ ಅದರಲ್ಲಿ ಕಾಣುತ್ತದೆ.