ಜೈಕಾರ ಹಾಕಿದ್ದು ಸಾಕು, ಇನ್ನು ಲೆಕ್ಕ ಕೇಳೋಣ: ಫುಟ್‌ಬಾಲ್ ಅಭಿಮಾನಿಗಳ ಬಗ್ಗೆ ಒಂದು ಮಾತು



ಪೋಸ್ಟು ಸ್ವಲ್ಪ ಉದ್ದ ಐತೆ, ವಿಷಯ ಫುಟ್‌ಬಾಲು. "ಇವನಿಗೇನಾಯ್ತು, ಹೋರಾಟ ಬಿಟ್ಟು ಚೆಂಡಿನ ಹಿಂದೆ ಬಿದ್ದಾನಲ್ಲ" ಅಂತ ಕೆಲವರು ನಗಬಹುದು. ನಗ್ರಿ, ಪರವಾಗಿಲ್ಲ. ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬರ್ರಿ.

"ಕ್ಲಬ್ಬಿನ ಹುಚ್ಚೆಲ್ಲ ಹುಡುಗಾಟದ್ದು, ಮದುವೆ ಆಗಿ ಮಕ್ಕಳಾದ್ರೆ ತಾನೇ ಬಿಡುತ್ತೆ" ಅಂತ ಎಲ್ಲರೂ ಹೇಳ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಹುಚ್ಚು ಬಿಡಲ್ಲ, ಅದರ ರೂಪ ಬದಲಾಗುತ್ತೆ. ಮೊದಮೊದಲು ಅಂಗಿಯ ಬಣ್ಣ ನೋಡಿ ಕುಣೀತೀವಿ. ಆಮೇಲೆ ಗೆದ್ದರೆ ಪಟಾಕಿ, ಸೋತರೆ ಊಟ ಸೇರಲ್ಲ. ಹತ್ತು ವರ್ಷ ಕಳೆದ ಮೇಲೆ ಬೇರೆ ಪ್ರಶ್ನೆ ಹುಟ್ಟುತ್ತೆ: ಈ ಕ್ಲಬ್ಬು ಯಾರದು? ಇದರಲ್ಲಿ ನನ್ನ ಪಾಲು ಏನು? ಈ ಪ್ರಶ್ನೆಗೆ ಮರ್ಯಾದೆಯ ಉತ್ತರ ಸಿಕ್ಕರೆ ಅಭಿಮಾನ ಇನ್ನೂ ಗಟ್ಟಿಯಾಗುತ್ತೆ. ಸಿಗದಿದ್ರೆ ಮನುಷ್ಯ ಸುಮ್ಮನೆ ಟಿವಿ ಆಫ್ ಮಾಡ್ತಾನೆ. ಅದಕ್ಕೆ ನಾವು "ವಯಸ್ಸಾಯ್ತು ಪಾಪ" ಅಂತ ಹೆಸರಿಡ್ತೀವಿ.

ಇದು ಬಳ್ಳಾರಿಯವರಿಗೆ ಯಾಕೆ ಬೇಕು ಅಂತೀರಾ? ರಾಜ್ಯದ ಅತಿ ದೊಡ್ಡ ಫುಟ್‌ಬಾಲ್ ಕ್ಲಬ್ಬಾದ ಬೆಂಗಳೂರು ಎಫ್‌ಸಿ ಯಾರದು? ಜೆಎಸ್‌ಡಬ್ಲ್ಯೂ ಸಮೂಹದ್ದು. ಅವರ ಉಕ್ಕಿನ ಕಾರ್ಖಾನೆ ಎಲ್ಲಿದೆ? ನಮ್ಮ ತೋರಣಗಲ್ಲಿನಲ್ಲಿ. ಅದರ ಪಕ್ಕದ ವಿಜಯನಗರದಲ್ಲೇ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯ್ತು. ಕ್ಲಬ್ಬಿನ ವಸತಿ ಅಕಾಡೆಮಿ ನಡೆದಿದ್ದೂ ಅಲ್ಲೇ. ಸೀಸನ್ ಮುಂಚಿನ ತಯಾರಿಗೆ ದೊಡ್ಡ ತಂಡವೂ ಅಲ್ಲಿಗೆ ಬಂದಿದೆ. ಅಂದ್ರೆ ಕ್ಲಬ್ಬಿನ ಹೆಸರು ಬೆಂಗಳೂರಿನದು, ಅದರ ಹಿಂದೆ ಇರೋ ದುಡ್ಡಿನಲ್ಲಿ ನಮ್ಮ ಜಿಲ್ಲೆಯ ಅದಿರು, ನೀರು, ನೆಲ, ಬೆವರು ಎಲ್ಲಾ ಐತೆ.

ಆದ್ರೆ ನಮ್ಮ ಹುಡುಗರನ್ನ ನೋಡ್ರಿ. ಸಿರುಗುಪ್ಪದಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಎರಡು ಕಲ್ಲಿಟ್ಟು ಗೋಲು ಮಾಡ್ಕೊಂಡು ಆಡೋರ ಬೆನ್ನ ಮೇಲೆ ಮೆಸ್ಸಿ, ರೊನಾಲ್ಡೊ ಹೆಸರು. ಕುರುಗೋಡಿನ ಹಾಸ್ಟೆಲ್ ಹುಡುಗರಿಗೆ ಮ್ಯಾಂಚೆಸ್ಟರಿನ ಎರಡೂ ಕ್ಲಬ್ಬಿನ ಆಟಗಾರರು ಬಾಯಿಪಾಠ. ಬಳ್ಳಾರಿ ನಗರದಲ್ಲಂತೂ ಆರ್‌ಸಿಬಿ ಬಿಟ್ಟರೆ ಮಾತಿಲ್ಲ. ತಾಸಿನ ದಾರಿಯಲ್ಲಿರೋ ಕ್ಲಬ್ಬು ಮಾತ್ರ ಯಾರ ಬಾಯಲ್ಲೂ ಇಲ್ಲ. ತಪ್ಪು ಹುಡುಗರದಲ್ಲ. ಕಣ್ಣಿಗೆ ಕಾಣದ್ದನ್ನ ಯಾರು ಪ್ರೀತಿಸ್ತಾರೆ?

ಬೆಂಗಳೂರಿನವರ ಕಥೆ ಬೇರೆ. 2013ರ ಜುಲೈನಲ್ಲಿ ಕ್ಲಬ್ಬು ಹುಟ್ಟಿತು. ಅದಕ್ಕೂ ಮುಂಚೆ ಎಚ್‌ಎಎಲ್ ತಂಡ ಐ-ಲೀಗಿನಿಂದ ಕೆಳಗಿಳಿದು, 2012–13ರಲ್ಲಿ ದೇಶದ ಮೇಲಿನ ಲೀಗಿನಲ್ಲಿ ಬೆಂಗಳೂರಿನ ತಂಡವೇ ಇರಲಿಲ್ಲ. ಹೊಸ ಕ್ಲಬ್ಬು ಬಂದ ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತು ಕೂಗ್ತಿದ್ದ ಹುಡುಗರು ಸೇರಿ 'ವೆಸ್ಟ್ ಬ್ಲಾಕ್ ಬ್ಲೂಸ್' ಅಂತ ಹೆಸರಿಟ್ಟುಕೊಂಡರು. 2016ರಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಯ್ತು. ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಅದಕ್ಕೂ ಮುಂಚೆ ಹೋಗಿರಲಿಲ್ಲ. 2018ರ ಐಎಸ್‌ಎಲ್ ಫೈನಲ್ ಕಂಠೀರವದಲ್ಲೇ ನಡೆದು, ಚೆನ್ನೈಯಿನ್ ಎದುರು 2–3ಕ್ಕೆ ಸೋಲು. ಮರುವರ್ಷ ಮುಂಬೈಯಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಲ್ಲಿ ಹೊಡೆದ ಒಂದೇ ಗೋಲು, ಕಪ್ ನಮ್ಮದು. ಆಮೇಲೆ ಇಳಿತ. 2023–24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಮರುವರ್ಷ ಮತ್ತೆ ಫೈನಲ್, ಮತ್ತೆ ಸೋಲು.

ಗೆದ್ದಾಗ ಸ್ಟ್ಯಾಂಡ್ ತುಂಬೋದು, ಸೋತಾಗ ಸೊರಗೋದು ಎಲ್ಲಾ ಕಡೆ ಇದ್ದದ್ದೇ. ಆದ್ರೆ ಸೋಲಿನಿಂದ ಅಭಿಮಾನ ಸಾಯಲ್ಲ ಅನ್ನೋದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಐತೆ, ಹಲಸೂರಿನ ಹತ್ತಿರದ ಗೌತಮಪುರ. ದುಡಿದು ತಿನ್ನೋರ ಕೇರಿ ಅದು, ನಮ್ಮ ಜನ. ಕಂಟೋನ್ಮೆಂಟಿನ ಸೈನಿಕರ ಆಟ ನೋಡ್ತಾ ನೋಡ್ತಾ ಕಲಿತ ಕೇರಿ, ಆಟಗಾರರನ್ನ ಬೆಳೆಸಿದ ಕೇರಿ. ಬುದ್ಧ, ಬಾಬಾಸಾಹೇಬರ ಪ್ರತಿಮೆ ಇರೋ ಅದೇ ಕೇರಿಯಲ್ಲಿ ಪೆಲೆಯ ಪ್ರತಿಮೆ ಐತೆ. ವಿಶ್ವಕಪ್ ಬಂದ್ರೆ ಬೀದಿ ತುಂಬಾ ಬ್ರೆಜಿಲಿನ ಹಳದಿ-ಹಸಿರು. ಬ್ರೆಜಿಲ್ ವಿಶ್ವಕಪ್ ಗೆದ್ದಿದ್ದು 2002ರಲ್ಲಿ, ಆಮೇಲೆ ಮುಟ್ಟಿಲ್ಲ. ಆದ್ರೂ ಅಲ್ಲಿ ಅಜ್ಜನ ಪ್ರೀತಿ ಮೊಮ್ಮಗನಿಗೆ ಇಳಿದಿದೆ. ಯಾಕಂದ್ರೆ ಬಡವರ ಮನೆಯ ಕಪ್ಪು ಹುಡುಗ ಲೋಕಕ್ಕೇ ರಾಜ ಆಗಿದ್ದನ್ನ ನೋಡಿ "ಇವನು ನಮ್ಮವನು" ಅಂದುಕೊಂಡ ಪ್ರೀತಿ ಅದು. ನಮ್ಮದು ಅನ್ನಿಸಿದ್ದು ಸೋತರೂ ನಮ್ಮದೇ ಅಲ್ಲವೇನ್ರಿ?

ಹಾಗಾದ್ರೆ ಅಭಿಮಾನಕ್ಕೆ ನಿಜವಾದ ಪೆಟ್ಟು ಎಲ್ಲಿ ಬೀಳುತ್ತೆ? "ಇದು ನಿಮ್ಮದಲ್ಲ" ಅಂತ ಮೇಲಿನವರು ತೋರಿಸಿದಾಗ.

1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ಗೆದ್ದಿದ್ದು ಯಾರು ಗೊತ್ತಾ? ಬೆಂಗಳೂರಿನ ಐಟಿಐ, ಟೆಲಿಫೋನ್ ಕಾರ್ಖಾನೆಯ ತಂಡ. ಫೈನಲ್ಲಿನಲ್ಲಿ ಸೋಲಿಸಿದ್ದು ಮೋಹನ್ ಬಾಗಾನನ್ನ, 1–0. ಕಾರ್ಮಿಕರ ಹೆಮ್ಮೆ ಅದು. ಕಾರ್ಖಾನೆಯ ದಿನಮಾನ ಇಳಿದ ಮೇಲೆ ತಂಡದ ದಿನಮಾನವೂ ಇಳಿಯಿತು. ಮುಂಬೈಯಲ್ಲಿ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನಲ್ಲಿ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಬಾಗಿಲು ಹಾಕೋ ತೀರ್ಮಾನದಲ್ಲಿ ಅಭಿಮಾನಿಗೆ ಒಂದು ಓಟಾದ್ರೂ ಇತ್ತಾ?

ಈಚಿನದ್ದು ಇನ್ನೂ ಸೋಜಿಗ. 2019ರಲ್ಲಿ ಪುಣೆ ಸಿಟಿ ಕ್ಲಬ್ಬು ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ನಮ್ಮ ಕಡೆಯವರಿಗೆ ಹೈದರಾಬಾದ್ ಅಂದ್ರೆ ಪಕ್ಕದ ಮನೆ ಇದ್ದಂಗೆ. ಆ ತಂಡ 2021–22ರ ಐಎಸ್‌ಎಲ್ ಗೆದ್ದಿತು. ಮುಂದೆ ಸಾಲ, ಸಂಬಳದ ತಕರಾರು. 2025ರಲ್ಲಿ ಕ್ಲಬ್ಬನ್ನ ಎತ್ತಿಕೊಂಡು ಹೋಗಿ ದೆಹಲಿಯಲ್ಲಿ ಇಳಿಸಿ ಬೇರೆ ಹೆಸರಿಟ್ಟರು. ಅದೇ ದೆಹಲಿಯ ಡೈನಮೋಸ್ ಕ್ಲಬ್ಬನ್ನ 2019ರಲ್ಲಿ ಭುವನೇಶ್ವರಕ್ಕೆ ಸಾಗಿಸಿ ಒಡಿಶಾ ಎಫ್‌ಸಿ ಅಂತ ಮಾಡಿದ್ರು! ಬಾಡಿಗೆ ಮನೆ ಸಾಮಾನು ಲಾರಿಗೆ ಹೇರಿದಂಗೆ. ಎದೆ ಮೇಲೆ ಹೈದರಾಬಾದ್ ಲಾಂಛನ ಹಚ್ಚೆ ಹಾಕಿಸಿಕೊಂಡವನು ಏನು ಮಾಡಬೇಕು?

ಬೆಂಗಳೂರು ಎಫ್‌ಸಿಗೂ ಬಿಸಿ ತಟ್ಟಿತು. ಲೀಗ್ ನಡೆಸೋ ಒಪ್ಪಂದದ ಗೊಂದಲದಲ್ಲಿ ಇಡೀ ಸೀಸನ್ ತೂಗುಯ್ಯಾಲೆಯಲ್ಲಿ ನಿಂತಾಗ, 2025ರ ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸ್ತೀವಿ ಅಂತ ಕ್ಲಬ್ಬು ಪ್ರಕಟಣೆ ಕೊಟ್ಟಿತು. ಸುನಿಲ್ ಛೆಟ್ರಿಯಂಥ ಆಟಗಾರ ಇರೋ ತಂಡದ ಕಥೆ ಇದು. ಆ ದಿನ ಅಭಿಮಾನಿಗೆ ಸಿಕ್ಕಿದ್ದು ಏನು? ಸುದ್ದಿ ಓದೋ ಅವಕಾಶ. ಅಷ್ಟೇ.

ಈಗ ಇನ್ನೊಂದು ಮಗ್ಗುಲು ನೋಡೋಣ. ಅಭಿಮಾನಿ ಜೈಕಾರದ ಜೊತೆಗೆ ಲೆಕ್ಕಾನೂ ಕೇಳಿದಾಗ ಏನಾಗುತ್ತೆ?

ಕೋಲ್ಕತ್ತಾ. 2020ರಲ್ಲಿ ಮೋಹನ್ ಬಾಗಾನ್ ಹೆಸರಿನ ಮುಂದೆ 'ಎಟಿಕೆ' ಅಂತ ಅಂಟಿಸಿದ್ರು. 1911ರಲ್ಲಿ ಬರಿಗಾಲಲ್ಲಿ ಬ್ರಿಟಿಷರ ತಂಡವನ್ನ ಸೋಲಿಸಿದ ಕ್ಲಬ್ಬು ಅದು. ಬೆಂಬಲಿಗರು ಮೂರು ವರ್ಷ ಬಿಡಲಿಲ್ಲ. ಬ್ಯಾನರ್ರು, ಬಹಿಷ್ಕಾರ, ಬೀದಿಯಲ್ಲಿ ಪ್ರತಿಭಟನೆ, "ಎಟಿಕೆ ತೆಗೀರಿ" ಅನ್ನೋ ಒಂದೇ ಮಾತು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಫೈನಲ್ಲಿನಲ್ಲಿ ಪೆನಾಲ್ಟಿಯಲ್ಲಿ ಕಪ್ ಗೆದ್ದ ಮೇಲೆ ಮಾಲೀಕರೇ ಎಟಿಕೆ ತೆಗೀತೀವಿ ಅಂದ್ರು. ಅವತ್ತು ಸೋತವರು ನಮ್ಮ ಬೆಂಗಳೂರಿನವರು. ಕಪ್ ಜೊತೆಗೆ ನಮಗೊಂದು ಪಾಠಾನೂ ಅಲ್ಲೇ ಇತ್ತು, ನಾವು ಕಪ್ ಹೋಯ್ತು ಅಂತ ಮಾತ್ರ ಅತ್ವಿ.

ಅದೇ ಕೋಲ್ಕತ್ತಾದಲ್ಲಿ ಆರ್‌ಜಿ ಕರ್ ಆಸ್ಪತ್ರೆಯ ವೈದ್ಯೆಯ ಕೊಲೆಯಾದಾಗ, 2024ರ ಆಗಸ್ಟ್ 18ರ ಡರ್ಬಿ ಪಂದ್ಯವನ್ನೇ ರದ್ದು ಮಾಡಿದ್ರು. ನೂರು ವರ್ಷದ ಹಗೆಯವರು ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಜೊತೆಗೆ ಮೊಹಮ್ಮಡನ್ ಬೆಂಬಲಿಗರೂ ಸೇರಿ ಸ್ಟೇಡಿಯಮ್ಮಿನ ಹೊರಗೆ ಒಟ್ಟಿಗೆ ನಿಂತು ನ್ಯಾಯ ಕೇಳಿದ್ರು, ಲಾಠಿ ಏಟು ತಿಂದ್ರು. ಕ್ಲಬ್ಬಿನ ಮೇಲಿನ ಪ್ರೀತಿ ಬೆಳೆದು ಸಮಾಜದ ಮೇಲಿನ ಕಾಳಜಿ ಆಗೋದು ಅಂದ್ರೆ ಇದು.

ಹೊರಗಿನ ಉದಾಹರಣೆ ಬೇಕಾದ್ರೆ ಜರ್ಮನಿ. ಅಲ್ಲಿ '50+1' ಅಂತ ನಿಯಮ ಐತೆ. ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್ಬಿನ ಮತದಾನದ ಬಹುಮತ ಸದಸ್ಯರ ಕೈಯಲ್ಲೇ ಇರಬೇಕು. ಲೀಗಿನ ವ್ಯವಹಾರದಲ್ಲಿ ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡೋಕೆ ಹೊರಟಾಗ ಪ್ರೇಕ್ಷಕರು ಮೈದಾನಕ್ಕೆ ಟೆನಿಸ್ ಬಾಲು ಎಸೆದು ವಾರಗಟ್ಟಲೆ ಆಟ ನಿಲ್ಲಿಸಿದ್ರು. 2024ರ ಫೆಬ್ರವರಿಯಲ್ಲಿ ಲೀಗೇ ಹಿಂದೆ ಸರಿಯಿತು. ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಕ್ಲಬ್ಬನ್ನ ಬೇರೆ ಊರಿಗೆ ಸಾಗಿಸೋಕೆ ಒಪ್ಪಿಗೆ ಸಿಕ್ಕಾಗ, 2002ರಲ್ಲಿ ಬೆಂಬಲಿಗರು ತಾವೇ ಹೊಸ ಕ್ಲಬ್ಬು ಕಟ್ಟಿದ್ರು. ಕೆಳಗಿನ ಮಟ್ಟದಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದ್ರು.

"ಆಟಾನ ಆಟವಾಗಿ ನೋಡ್ರಿ, ಎಲ್ಲದರಲ್ಲೂ ಹೋರಾಟ ಯಾಕೆ" ಅನ್ನೋರಿಗೆ ಒಂದು ನೆನಪು. 2025ರ ಜೂನ್ 4, ಚಿನ್ನಸ್ವಾಮಿ ಸ್ಟೇಡಿಯಮ್ಮು. ಹದಿನೆಂಟು ವರ್ಷ ಕಾದ ಅಭಿಮಾನಿಗಳು ಸಂಭ್ರಮಕ್ಕೆ ಬಂದ್ರು, ಹನ್ನೊಂದು ಮಂದಿ ಹೆಣವಾಗಿ ಮನೆಗೆ ಹೋದ್ರು. ಆಮೇಲೆ ಎಲ್ಲರೂ ಬೆರಳು ತೋರಿಸಿದ್ದು ಇನ್ನೊಬ್ಬರ ಕಡೆಗೆ. ಅದು ಕ್ರಿಕೆಟ್ಟು, ಇದು ಫುಟ್‌ಬಾಲು ಅಂತ ಬೇರೆ ಮಾಡಬೇಡ್ರಿ. ಅಭಿಮಾನಿಯನ್ನ ಬರೀ ಗದ್ದಲದ ಗುಂಪು, ಟಿಕೆಟ್ಟಿನ ಗಿರಾಕಿ ಅಂತ ನೋಡಿದ್ರೆ ಅವನ ಜೀವಕ್ಕೂ ಬೆಲೆ ಇರಲ್ಲ.

ಇನ್ನೊಂದು ವಾದ: "ಕಂಪನಿ ಕೋಟಿಗಟ್ಟಲೆ ಹಾಕ್ತದೆ, ಅವರಿಲ್ಲದೆ ಕ್ಲಬ್ಬೇ ಇಲ್ಲ." ಇದರಲ್ಲಿ ಸತ್ಯ ಐತೆ. ವಿಜಯನಗರದ ಆ ಕ್ರೀಡಾ ಸಂಸ್ಥೆಯಂಥದ್ದನ್ನ ಸರ್ಕಾರ ನಮ್ಮ ಜಿಲ್ಲೆಗೆ ಕಟ್ಟಿಕೊಡಲಿಲ್ಲ, ಒಪ್ಪೋಣ. ಆದ್ರೆ ಕಂಠೀರವ ಸರ್ಕಾರದ ಸ್ಟೇಡಿಯಮ್ಮು, ಅಂದ್ರೆ ಜನರದ್ದು. ಗ್ಯಾಲರಿಯಲ್ಲಿ ಕೂತು ಗಂಟಲು ಹರಕೊಳ್ಳೋದು ಜನ. ಆ ಗದ್ದಲ ಇಲ್ಲದಿದ್ರೆ ಅಂಗಿ ಮೇಲಿನ ಜಾಹೀರಾತಿಗೆ ಬೆಲೆ ಎಲ್ಲಿಂದ ಬರಬೇಕು? ದುಡ್ಡು ಹಾಕಿದವನಿಗೆ ಹಕ್ಕು ಇದ್ದರೆ, ಆಯುಷ್ಯ ಹಾಕಿದವನಿಗೂ ಇರಬೇಕಲ್ವಾ?

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ರಾಜಕೀಯದ ಭಕ್ತಿ, ವ್ಯಕ್ತಿಪೂಜೆ ಬಗ್ಗೆ ಎಚ್ಚರಿಕೆ ಕೊಟ್ಟಿದ್ದು ನಮಗೆಲ್ಲ ಗೊತ್ತು. ಅದನ್ನ ಗ್ಯಾಲರಿಗೂ ಹಚ್ಚಿ ನೋಡಬಹುದು. ಭಕ್ತ ಪ್ರಶ್ನೆ ಕೇಳಲ್ಲ, ಅದಕ್ಕೇ ಅವನನ್ನ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಪಾಲುದಾರ ಕೇಳ್ತಾನೆ. ಪ್ರೀತಿ ಇಬ್ಬರಿಗೂ ಅಷ್ಟೇ ಇರುತ್ತೆ.

ಅದಕ್ಕೆ ನಾಲ್ಕು ಬೇಡಿಕೆ ಇಡ್ತೀನಿ. ಸರಿ ಅನ್ನಿಸಿದ್ರೆ ಸೇರಿಸ್ರಿ, ತಪ್ಪಿದ್ರೆ ತಿದ್ರಿ.

ಒಂದು, ಬೆಂಗಳೂರು ಎಫ್‌ಸಿ ವರ್ಷಕ್ಕೊಮ್ಮೆ ಬೆಂಬಲಿಗರ ಬಹಿರಂಗ ಸಭೆ ಕರೀಬೇಕು. ಕ್ಲಬ್ಬಿನ ಹೆಸರು, ಬಣ್ಣ, ಊರು ಬದಲಿಸೋ ಮಾತು ಬಂದ್ರೆ ಅವರ ಪ್ರತಿನಿಧಿಯ ಒಪ್ಪಿಗೆ ಬೇಕು ಅಂತ ಬರೆದು ಕೊಡಬೇಕು.

ಎರಡು, ವರ್ಷಕ್ಕೊಂದು ಪಂದ್ಯ, ಸ್ನೇಹಪಂದ್ಯವಾದ್ರೂ ಸರಿ, ಬಳ್ಳಾರಿ ನಗರದಲ್ಲಿ ಆಡಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಆಟ ನೋಡೋ ಯೋಗ ಹಮಾಲಿ ಮಾಡೋರ ಮಕ್ಕಳಿಗೆ, ಜೀನ್ಸ್ ಹೊಲಿಯೋರ ಮಕ್ಕಳಿಗೆ ಇಲ್ಲ.

ಮೂರು, ಅಕಾಡೆಮಿಯ ಆಯ್ಕೆ ಶಿಬಿರ ಸಿರುಗುಪ್ಪ, ಕುರುಗೋಡಿನಲ್ಲೂ ನಡೀಬೇಕು. ಪ್ರಕಟಣೆ ಕನ್ನಡದಲ್ಲಿ ಪ್ರತಿ ಸರ್ಕಾರಿ ಶಾಲೆ, ಪ್ರತಿ ಹಾಸ್ಟೆಲ್ಲಿನ ನೋಟಿಸ್ ಬೋರ್ಡಿಗೆ ಬರಬೇಕು. ಆಯ್ಕೆಯಾದವರಲ್ಲಿ ಯಾವ ಜಿಲ್ಲೆಯವರು ಎಷ್ಟು ಅನ್ನೋ ಲೆಕ್ಕ ಎಲ್ಲರಿಗೂ ಸಿಗಬೇಕು.

ನಾಲ್ಕು, ಇದು ಸರ್ಕಾರಕ್ಕೆ. ಗಣಿಬಾಧಿತ ಜನರಿಗೆಂದೇ ಇರೋ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ತಾಲ್ಲೂಕಿಗೊಂದು ಒಳ್ಳೆ ಮೈದಾನ ಮಾಡ್ರಿ. ಹಾಸ್ಟೆಲ್ಲಿಗೆ ಚೆಂಡು, ಬೂಟು, ಕಲಿಸೋರನ್ನ ಕೊಡ್ರಿ. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೂ ಅಷ್ಟೇ.

2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನ 3–2ಕ್ಕೆ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದಿತು. ಮುಂದಿನ ಸಲ ಅಂಥ ತಂಡದಲ್ಲಿ ಸಿರುಗುಪ್ಪದ ಒಂದು ಹೆಸರು ಇದ್ದರೆ, ಗದ್ದೆಯಲ್ಲಿ ಆಡೋ ಹುಡುಗನ ಬೆನ್ನ ಮೇಲಿನ ಹೆಸರೂ ಬದಲಾಗುತ್ತೆ ನೋಡ್ರಿ.

ಗುಮಾಸ್ತನಾಗಿ ಇಪ್ಪತ್ತು ವರ್ಷದಿಂದ ನಾನು ಕಂಡಿದ್ದು ಒಂದೇ. ಕೂಗಾಟಕ್ಕೆ ಇನ್‌ವರ್ಡ್ ನಂಬರ್ ಬೀಳಲ್ಲ, ಬರೆದು ಕೊಟ್ಟ ಅರ್ಜಿಗೆ ಬೀಳುತ್ತೆ. ನಂಬರ್ ಬಿದ್ದ ಕಾಗದಕ್ಕೆ ಒಂದಲ್ಲಾ ಒಂದಿನ ಯಾರಾದ್ರೂ ಉತ್ತರ ಬರೀಲೇಬೇಕು. ಈ ನಾಲ್ಕು ಬೇಡಿಕೆ ಸೇರಿಸಿ ಕ್ಲಬ್ಬಿಗೊಂದು, ಜಿಲ್ಲಾಧಿಕಾರಿಗಳಿಗೊಂದು ಅರ್ಜಿ ಕರಡು ಮಾಡ್ತಿದ್ದೀನಿ. ಸಹಿ ಹಾಕೋರು ಕಾಮೆಂಟಿನಲ್ಲಿ ಊರಿನ ಹೆಸರು ಮಾತ್ರ ಬರೀರಿ, ನಾನೇ ಮೆಸೇಜು ಮಾಡ್ತೀನಿ.

ಜೈಭೀಮ್.