ರೆಫರಲ್ ಎಂಬ ಹೊಸ ವಶೀಲಿ

ಸರ್ಕಾರಿ ಕಚೇರಿಯಲ್ಲಿ ಪರಿಚಯದ ಮೇಲೆ ಕೆಲಸ ಸಿಕ್ಕರೆ ಅದನ್ನು ವಶೀಲಿ ಎನ್ನುತ್ತೇವೆ. ಐಟಿ ಕಂಪನಿಗಳಲ್ಲಿ ಅದಕ್ಕೆ ರೆಫರಲ್ ಎಂಬ ಮರ್ಯಾದೆಯ ಹೆಸರಿದೆ; ಎಷ್ಟೋ ಕಡೆ ಶಿಫಾರಸು ಮಾಡಿದವರಿಗೆ ಬೋನಸ್ ಕೂಡ ಉಂಟು. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನನಗೆ ಊರ ಕಡೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ರೆಸ್ಯೂಮೆಗಳು ಬರುತ್ತಲೇ ಇರುತ್ತವೆ. ಹೊರನಾಡಿನಲ್ಲಿರುವ ನಿಮಗೂ ಬರುತ್ತಿರಬೇಕು. ಅಣ್ಣನ ಸ್ನೇಹಿತನ ಮಗ, ಅತ್ತೆಯ ಕಡೆಯ ಹುಡುಗಿ, ಓದಿದ ಕಾಲೇಜಿನ ಜೂನಿಯರ್. ನಮ್ಮ ನಂಬರ್ ಯಾರ ಬಳಿಯೂ ಇಲ್ಲದ ಮನೆಯ ಹುಡುಗನ ರೆಸ್ಯೂಮೆ ಮಾತ್ರ ಬರುವುದಿಲ್ಲ.

ನಮ್ಮಲ್ಲಿ ಬಹಳ ಮಂದಿ ಈ ಊರುಗಳಿಗೆ ಬಂದದ್ದು ಪರೀಕ್ಷೆ ಬರೆದು. ಸಿಇಟಿ ರ‍್ಯಾಂಕ್, ಸರ್ಕಾರಿ ಹಾಸ್ಟೆಲ್, ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ಸಿಗುವ 12,400 ರೂಪಾಯಿ ಸ್ಟೈಪೆಂಡ್, ಹೀಗೆ ಒಂದೊಂದೇ ಮೆಟ್ಟಿಲು. ಕೋಚಿಂಗ್‌ಗೆ ದುಡ್ಡಿದ್ದವರಿಗೆ ಅಲ್ಲೂ ಅನುಕೂಲ ಹೆಚ್ಚು, ನಿಜ. ಆದರೂ ಉತ್ತರ ಪತ್ರಿಕೆ ತಿದ್ದುವಾಗ ಯಾರೂ ನಮ್ಮಪ್ಪ ಯಾರೆಂದು ಕೇಳಲಿಲ್ಲ. ಆ ಮೆಟ್ಟಿಲುಗಳನ್ನು ಕಟ್ಟಿದ್ದು ತೆರಿಗೆ ಹಣ. ಮಾರುಕಟ್ಟೆ ಬಂದದ್ದು ಕೊನೆಯಲ್ಲಿ, ಸಂಬಳ ಕೊಡಲು.

ಮೆಟ್ಟಿಲು ಹತ್ತುವುದು ನಮ್ಮ ದೇಶದಲ್ಲಿ ಎಷ್ಟು ಕಷ್ಟವೆಂದರೆ, ಬಡ ಕುಟುಂಬವೊಂದು ಸರಾಸರಿ ಆದಾಯ ಮುಟ್ಟಲು ಏಳು ತಲೆಮಾರು ಬೇಕೆಂದು ಒಇಸಿಡಿ 2018ರಲ್ಲಿ ಅಂದಾಜಿಸಿತ್ತು. ಡೆನ್ಮಾರ್ಕ್‌ನಲ್ಲಿ ಎರಡು ಸಾಕು. ಅರ್ಹತೆಯೊಂದರಿಂದಲೇ ಬಾಗಿಲು ತೆರೆಯುತ್ತದೆಯೇ? ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಗಳ ಖಾಸಗಿ ಉದ್ಯೋಗ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅದು ಎಲ್ಲರಿಗೂ ಕಾಣುವ ಜಾಹೀರಾತಿನ ಕಥೆ. ರೆಫರಲ್‌ನಲ್ಲಿ ಜಾಹೀರಾತೇ ಬೇಕಿಲ್ಲ.

"ರೆಫರ್ ಮಾಡಿದರೇನಾಯಿತು, ಸಂದರ್ಶನ ಅವನೇ ಪಾಸಾಗಬೇಕು ತಾನೇ?" ಎನ್ನುವವರಿದ್ದಾರೆ. ಹೌದು. ಆದರೆ ಸಂದರ್ಶನಕ್ಕೆ ಕುಳಿತ ನನ್ನ ಮುಂದೆ ಬರುವುದು ಸೋಸಿ ಉಳಿದ ಹೆಸರುಗಳು. ರಾಶಿ ಅರ್ಜಿಗಳ ನಡುವೆ ರೆಸ್ಯೂಮೆಯನ್ನು ಯಾರಾದರೂ ತೆರೆದು ನೋಡುವುದೇ ದೊಡ್ಡ ಸುತ್ತು, ರೆಫರಲ್ ದಾಟಿಸುವುದು ಅದನ್ನೇ. ಕಂಪನಿಗೆ ಇದರಿಂದ ನೇಮಕಾತಿಯ ಖರ್ಚು ಉಳಿಯುತ್ತದೆ. ಆ ಉಳಿತಾಯದ ಬೆಲೆ ತೆರುವವನು ಪರಿಚಯವಿಲ್ಲದ ಹುಡುಗ.

"ಪರಊರಲ್ಲಿ ನಮ್ಮವರಿಗೆ ನಾವಲ್ಲದೆ ಇನ್ಯಾರು?" ಎಂಬುದು ಇನ್ನೊಂದು ಮಾತು. ಅದೂ ಸರಿ. ಆದರೆ ಈ 'ನಮ್ಮವರು' ಯಾರೆಂದು ಒಮ್ಮೆ ಲೆಕ್ಕ ಹಾಕಿ. ಕಳೆದ ಐದು ವರ್ಷಗಳಲ್ಲಿ ನಾವು ರೆಫರ್ ಮಾಡಿದವರ ಹೆಸರು ಬರೆದು ನೋಡಿದರೆ ಒಂದೇ ಜಾತಿ, ನಾಲ್ಕಾರು ಮನೆತನ, ಎರಡು ಕಾಲೇಜು ಕಾಣಬಹುದು. ಕನ್ನಡಿಗರೆಂಬ ದೊಡ್ಡ ಹೆಸರಿನ ಕೆಳಗೆ ನಡೆಯುವುದು ಬಹಳ ಸಣ್ಣ ವ್ಯವಹಾರ.

ಬಂಡವಾಳ ಎಂದರೆ ಹಣವೆಂದೇ ತಿಳಿಯುತ್ತೇವೆ. ಪರಿಚಯವೂ ಬಂಡವಾಳವೇ, ಅದೂ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ನಮ್ಮ ಕೈಗೆ ಬಂದಿರುವ ಅಷ್ಟಿಷ್ಟು ಅಧಿಕಾರ ಇದೇ. ಇದನ್ನು ಕಂಪನಿಯ ಪೋರ್ಟಲ್‌ನಲ್ಲಿ ಗುಟ್ಟಾಗಿ ಖರ್ಚು ಮಾಡಬೇಕಿಲ್ಲ. ಹುದ್ದೆ ಖಾಲಿ ಇದೆಯೆಂದು ಗೊತ್ತಾದ ದಿನ ಊರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ನ ಪ್ಲೇಸ್‌ಮೆಂಟ್ ಅಧಿಕಾರಿಗೆ ಒಂದು ಮೇಲ್ ಹಾಕಬಹುದು. ಕನ್ನಡ ಸಂಘಗಳು ರಾಜ್ಯೋತ್ಸವದ ಊಟದ ಜೊತೆಗೆ ಉದ್ಯೋಗ ಮಾಹಿತಿಯನ್ನೂ ಎಲ್ಲರಿಗೂ ಕಾಣುವಂತೆ ಹಂಚಬಹುದು. ನೇಮಕಾತಿಯಲ್ಲಿ ಮಾತು ನಡೆಯುವವರು, ಮೊದಲ ಕೋಡಿಂಗ್ ಸುತ್ತಿನಲ್ಲಿ ಹೆಸರು ಮತ್ತು ಕಾಲೇಜನ್ನು ಮುಚ್ಚಿಡಿ ಎಂದು ಎಚ್‌ಆರ್‌ಗೆ ಹೇಳಬಹುದು.

ನೆಂಟರ ಮಗನಿಗೆ ಸಹಾಯ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಅವನೊಬ್ಬನನ್ನು ರೆಫರ್ ಮಾಡಿದಾಗ, ನಿಮಗೆ ಏನೂ ಆಗಬೇಕಿಲ್ಲದ ಇನ್ನೊಬ್ಬರನ್ನೂ ಹುಡುಕಿ ರೆಫರ್ ಮಾಡಿ ಎನ್ನುತ್ತಿದ್ದೇನೆ.